ಎರಡು ಮೀಟರ್ ಬೀದಿಯ ಲೋಕಖ್ಯಾತಿ

ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ ವಿಕ್ ಎಂಬ ಪುಟ್ಟ ಊರಿದೆ. ಜಗತ್ತಿನ ಅತಿ ಚಿಕ್ಕ ಬೀದಿ ಇರುವುದು ಅಲ್ಲೇ. ಹೆಸರು ಎಬನೀಜರ್ ಪ್ಲೇಸ್, ಉದ್ದ 2.06 ಮೀಟರ್. ಈ ತುದಿಯಲ್ಲಿ ಆಕಳಿಸಲು ಬಾಯಿ ತೆರೆದವನು ಮುಚ್ಚುವಷ್ಟರಲ್ಲಿ ಬೀದಿ ದಾಟಿರುತ್ತಾನೆ. ಆರಡಿ ಆಸಾಮಿಯೊಬ್ಬ ಅಡ್ಡಡ್ಡ ಮಲಗಿಬಿಟ್ಟರೆ ಅಲ್ಲಿಗೆ ರಸ್ತೆ ತಡೆ ಚಳವಳಿ ಯಶಸ್ವಿ!

1883ರಲ್ಲಿ ಎರಡು ಬೀದಿಗಳು ಕೂಡುವ ಮೂಲೆಯಲ್ಲೊಂದು ಹೋಟೆಲ್ ಎದ್ದಿತು. ಕಟ್ಟಡದ ಮೂತಿ ಮೊಂಡು. ಆ ಮೊಂಡು ಮೂತಿಗೂ ಒಂದು ಬೀದಿ ಹೆಸರು ಬರೆಸಪ್ಪಾ ಎಂದು ಊರ ಆಡಳಿತ ಮಾಲೀಕನಿಗೆ ಹೇಳಿತು. 1887ರಲ್ಲಿ ಅದು ಅಧಿಕೃತ ಬೀದಿಯೂ ಆಯಿತು. ಬಿಲ್ಲಿನಲ್ಲಷ್ಟೇ ಇರುವ ರಸ್ತೆಗಳನ್ನು ಕಂಡ ನಮಗೆ ಇದು ದೊಡ್ಡದಲ್ಲ ಬಿಡಿ. ಎರಡು ಮೀಟರಾದರೂ ಇದೆಯಲ್ಲ.

ಗಿನ್ನೆಸ್ ದಾಖಲೆಗೆ ಮಾತ್ರ ಒಂದು ತೊಡಕಿತ್ತು. ಬೀದಿ ಎನಿಸಿಕೊಳ್ಳಲು ವಿಳಾಸ ಬೇಕು, ವಿಳಾಸಕ್ಕೆ ಬಾಗಿಲು ಬೇಕು. ಸರಿ, ಬಾಗಿಲು ಇಟ್ಟರು. ಒಳಗೆ 'ನಂಬರ್ 1 ಬಿಸ್ಟ್ರೊ' ಎಂಬ ಪುಟ್ಟ ಊಟದ ಮನೆ. ನಂಬರ್ 2 ಇಲ್ಲವೇ ಇಲ್ಲ, ಹಾಗಾಗಿ ನೆರೆಹೊರೆಯ ಜಗಳಕ್ಕೂ ಆಸ್ಪದವಿಲ್ಲ. 2006ರಲ್ಲಿ ಪಟ್ಟ ಸಿಕ್ಕಿತು. ಅದುವರೆಗೆ ಮೆರೆಯುತ್ತಿದ್ದ ಇಂಗ್ಲೆಂಡಿನ ಬೇಕಪ್ ಊರಿನ ಎಲ್ಗಿನ್ ಸ್ಟ್ರೀಟ್ ಮೂಲೆ ಸೇರಿತು. ಅದರ ಉದ್ದ ಐದು ಮೀಟರಿಗೂ ಹೆಚ್ಚು. ಅಷ್ಟೊಂದು ದುಂದು ಯಾರು ಸಹಿಸುತ್ತಾರೆ?

ಇದೇ ವಿಕ್ 19ನೇ ಶತಮಾನದಲ್ಲಿ ಯುರೋಪಿನ ಹೆರಿಂಗ್ ಮೀನಿನ ದೊಡ್ಡ ಬಂದರು. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ನೆಂಟ. ಸುಗ್ಗಿಯಲ್ಲಿ ಸಾವಿರ ದೋಣಿ ಬಂದು ನಿಲ್ಲುತ್ತಿದ್ದವು. ದಡದಲ್ಲಿ ಹೆಂಗಸರು ಚಾಕು ತಾಗದಂತೆ ಬೆರಳುಗಳಿಗೆ ಬಟ್ಟೆಚೂರು ಸುತ್ತಿಕೊಂಡು ಮೀನಿನ ಕರುಳು ತೆಗೆದು, ಉಪ್ಪು ಹಾಕಿ ಪೀಪಾಯಿಗೆ ತುಂಬುತ್ತಿದ್ದರು. ಬಂದರಿನ ಬಡಾವಣೆ ಪಲ್ಟ್ನಿಟೌನಿಗೆ ನಕ್ಷೆ ಹಾಕಿದವನು ಹೆಸರಾಂತ ಎಂಜಿನಿಯರ್ ಥಾಮಸ್ ಟೆಲ್ಫೋರ್ಡ್. 1848ರ ಆಗಸ್ಟಿನ ಒಂದು ಬಿರುಗಾಳಿ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ನೂರರಷ್ಟು ಬೆಸ್ತರನ್ನು ನುಂಗಿತು. ಊರವರೇ ಮತ ಹಾಕಿ ಮದ್ಯ ಮಾರಾಟ ನಿಷೇಧಿಸಿದರು, ಅದು 1922ರಿಂದ 1947ರವರೆಗೂ ನಡೆಯಿತು. ಊರೊಳಗಿನ ವಿಸ್ಕಿ ಭಟ್ಟಿ ಮಾತ್ರ 1930ರವರೆಗೆ ಉರಿಯುತ್ತಲೇ ಇತ್ತು. ಭಟ್ಟಿ ಇಳಿಸಬಹುದು, ಊರಲ್ಲಿ ಮಾರುವ ಹಾಗಿಲ್ಲ!

ಇದನ್ನೆಲ್ಲ ತಿಳಿಯಬೇಕೆಂದರೆ ಊರಿನ ಮ್ಯೂಸಿಯಂ ಹೊಕ್ಕು ಅರ್ಧ ದಿನ ಸುತ್ತಬೇಕು. ಬೀದಿಗಾದರೆ ಒಂದು ಸೆಲ್ಫಿ ಸಾಕು, ಅದರಲ್ಲೂ ಇಡೀ ಬೀದಿ ಹಿಡಿಸುತ್ತದೆ. ಕಾಲು ಚಾಚಿದರೆ ಆ ಕಡೆ, ಹಿಂದಿಟ್ಟರೆ ಈ ಕಡೆ. 'ನೋಡಿಯಾಯ್ತು' ಪಟ್ಟಿಗೆ ಒಂದು ಗೀಟು.

ಊರವರು ಹೆದರಬೇಕಾದ್ದು ಒಂದಕ್ಕೇ. ಅಭಿವೃದ್ಧಿಯ ಹುಮ್ಮಸ್ಸಿನ ಯಾವನಾದರೂ ಜನಪ್ರತಿನಿಧಿ ಗೆದ್ದು ಬಂದು, ಬೀದಿಯನ್ನು ಇನ್ನೊಂದು ಐದು ಮೀಟರ್ ಉದ್ದ ಮಾಡಿಸಿಕೊಡುತ್ತೇನೆ ಎಂದರೆ ಮುಗಿಯಿತು.