ಗ್ವಾಡಿಗೆ ಚೆಂಡು ಹೊಡೆದಿದ್ದಕ್ಕೆ ರಸೀದಿ

ನಾವು ಸಣ್ಣವರಿದ್ದಾಗ ಗ್ವಾಡಿಗೆ ಚೆಂಡು ಹೊಡೆದರೆ ಬೈಗುಳ ಸಿಗುತ್ತಿತ್ತು. ಈಗ ರಸೀದಿ ಸಿಗುತ್ತದೆ.

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಮೂಲೆಮನೆ ಆಯಿ ಒಬ್ಬರಿದ್ದರು. ಸುಣ್ಣ ಬಳಿದ ಗ್ವಾಡಿಯ ಮೇಲೆ ರಬ್ಬರ್ ಚೆಂಡಿನ ದುಂಡನೆ ಕಲೆ ಕಂಡರೆ ಸಾಕು, ಕಸಬರಿಗೆ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. "ಗ್ವಾಡಿ ನಿಮ್ಮಪ್ಪ ಕಟ್ಟಿಸ್ಯಾನೇನಲೇ?" ನಾವು ಎದುರಿನ ಖುಲ್ಲಾ ಜಾಗಕ್ಕೆ ಓಡಿ ಲಗೋರಿ ಆಡುತ್ತಿದ್ದೆವು. ಆ ಜಾಗದಲ್ಲಿ ಆಮೇಲೆ ಮದುವೆ ಪೆಂಡಾಲ್ ಬಂತು, ಕಾರು ನಿಲ್ಲಿಸೋದು ಶುರುವಾಯ್ತು, ಒಂದು ದಿನ ಸುತ್ತಲೂ ತಗಡು ಬಿತ್ತು. ಈಗ ಅಲ್ಲಿ ಗಾಜಿನ ಗ್ವಾಡಿ ಎದ್ದಿದೆ. ಒಳಗೆ ಪ್ಯಾಡೆಲ್, ಟೆನಿಸ್‌ನಂಥದೊಂದು ಆಟ.

ಹೆಸರು ಕೇಳಿ ಪಕ್ಕದ ಮನೆಯವರು "ಸೈಕಲ್ ತಗೊಂಡ್ರೇನ್ರಿ?" ಅಂದರು. ಗಾಜಿನ ಗ್ವಾಡಿ ಅಂದಿದ್ದಕ್ಕೆ ನಮ್ಮವ್ವ "ಇಂದಿರಾ ಗಾಜಿನ ಮನಿ ಗಾರ್ಡನ್‌ಗೆ ಹೊಂಟೀಯೇನು? ಹುಡುಗ್ರನ್ನೂ ಕರ್ಕೊಂಡು ಹೋಗು" ಅಂದಳು. ನಾನು ಹೋಗಿದ್ದು ಅಳಿಯನ ಕಾಟಕ್ಕೆ. ಈ ಆಟಕ್ಕೆ ನಾಲ್ಕು ಜನ ಬೇಕು, ಇಬ್ಬಿಬ್ಬರ ಜೋಡಿ. "ಮಾಮಾ, ನಾಲ್ಕನೇಯವ್ರು ಯಾರೂ ಸಿಗವಲ್ರು, ನೀವು ಸುಮ್ನ ನಿಂತ್ರೂ ನಡೀತೈತಿ" ಅಂದ. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾವ ಟೀಮೂ ಕರೆದಿರಲಿಲ್ಲ, ಹೋದೆ. ತಾಸಿನ ಬಾಡಿಗೆ ಎಷ್ಟು ಅಂತ ಇಲ್ಲಿ ಬರೆಯೋದಿಲ್ಲ, ನಮ್ಮವ್ವ ಓದುತ್ತಾಳೆ.

ಮೊದಲು ಬ್ಯಾಟು ಕೊಟ್ಟರು. ತಂತಿ ಇಲ್ಲ, ಬರೀ ತೂತು. ಮಿರ್ಚಿ ಭಜಿಯನ್ನು ಎಣ್ಣೆಯಿಂದ ಎತ್ತುವ ತೂತಿನ ಸೌಟು ಇದೆಯಲ್ಲ, ಅದಕ್ಕೇ ಮೈ ಬಂದಂಗೆ. ಹಿಡಿಕೆಗೊಂದು ದಾರ, ಅದನ್ನು ಮಣಿಕಟ್ಟಿಗೆ ಹಾಕಿಕೊಳ್ಳಲೇಬೇಕಂತೆ, ರೂಲ್ಸು. ಕೋರ್ಟು 20 ಮೀಟರ್ ಉದ್ದ, 10 ಮೀಟರ್ ಅಗಲ, ಹಿಂದೆ 3 ಮೀಟರ್ ಎತ್ತರದ ಗಾಜು, ಅದರ ಮೇಲೆ ಜಾಳಿಗೆ. ಕೆಳಗೆ ಪ್ಲಾಸ್ಟಿಕ್ ಹುಲ್ಲು, ಹುಲ್ಲಿನ ಮೇಲೆ ಮರಳು. ಹುಬ್ಬಳ್ಳಿಯಲ್ಲಿ ಮರಳನ್ನು ದುಡ್ಡು ಕೊಟ್ಟು ತಂದು ಹಾಕಿದ್ದಾರೆ! ಗೇಟು ತೆರೆದಿಟ್ಟಿದ್ದರೆ ನಮ್ಮ ರಸ್ತೆ ಧೂಳೇ ಬಂದು ಪುಕ್ಕಟೆ ಕೂರುತ್ತಿತ್ತು ಅಲ್ವಾ?

ಧೂಳು ಹಂಗೂ ಬಂದು ಗಾಜಿನ ಮೇಲೆ ಕೂತಿತ್ತು. ಅದನ್ನು ಒರೆಸೋಕೆ ಒಬ್ಬ ಹುಡುಗ. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಸ್ಟೂಲ್ ಮೇಲೆ ಹತ್ತಿ, ಮೇಲಿಂದ ಕೆಳಗೆ ಎಳೆಯುತ್ತಿದ್ದ. ಕೆಸರು ನೀರು ಗೀರು ಗೀರಾಗಿ ಇಳಿಯುತ್ತಿತ್ತು, ಅವನು ಮತ್ತೊಂದು ಚೊಂಬು ಸುರಿಯುತ್ತಿದ್ದ. ಟ್ಯಾಂಕರ್ ನೀರು. ನಮ್ಮ ಓಣಿಯ ನಳಕ್ಕೆ ನೀರು ಬಂದು ಅವತ್ತಿಗೆ ಎಂಟು ದಿನ. ಹಿಂದಿನ ರಾತ್ರಿ ನಾನು ಒಂದೇ ಚೊಂಬಿನಲ್ಲಿ ಮುಖ, ಕೈ, ಕಾಲು ಮೂರನ್ನೂ ಮುಗಿಸಿದ್ದೆ. ಗಾಜು ಮಾತ್ರ ನನಗಿಂತ ಸ್ವಚ್ಛ ಸ್ನಾನ ಮಾಡಿತ್ತು.

ಮ್ಯಾನೇಜರ್ ಆಟ ಹೇಳಿಕೊಟ್ಟರು. ಸರ್ವ್ ಅಂದರೆ ಚೆಂಡನ್ನು ನೆಲಕ್ಕೆ ಪುಟಿಸಿ ಸೊಂಟದ ಕೆಳಗಿನಿಂದ ಹೊಡೆಯೋದು. ಲೆಕ್ಕ ಟೆನಿಸ್‌ದೇ, 15, 30, 40. ಚೆಂಡು ಮೊದಲು ನೆಲಕ್ಕೆ ಬೀಳಬೇಕು, ಆಮೇಲೆ ಗಾಜಿಗೆ ಬಡಿದು ಬಂದರೂ ಹೊಡೆಯಬಹುದು. "1969ರಾಗ ಮೆಕ್ಸಿಕೋದ ಎನ್ರಿಕೆ ಕೊರ್ಕುಯೆರಾ ಅನ್ನಾವ್ರು ಅಕಾಪುಲ್ಕೋದಾಗ ತಮ್ಮ ಮನ್ಯಾಗ ಶುರು ಮಾಡಿದ್ರು ಸರ, ಸುತ್ತ ಗ್ವಾಡಿ ಕಟ್ಟಿಸಿ" ಅಂದರು. ಗ್ವಾಡಿ ಅವರದೇ, ಮನೆಯೂ ಅವರದೇ, ಕಸಬರಿಗೆ ಹಿಡಿದು ಬರುವವರು ಯಾರೂ ಇಲ್ಲ. ಅಲ್ಲಿಂದ ಆಟ ಸ್ಪೇನ್‌ಗೆ ಹೋಯಿತು, ದೊಡ್ಡದಾಯಿತು. ನಾವೂ ಸುಣ್ಣದ ಗ್ವಾಡಿಗೆ ಅದನ್ನೇ ಆಡಿದ್ದೆವು. ರೂಲ್ಸ್ ಬರೆದಿಡಲಿಲ್ಲ, ಅಷ್ಟೇ. ಬರೆಯೋಕೆ ಆ ಆಯಿ ಬಿಡಬೇಕಲ್ಲ.

ಆಟ ಶುರುವಾಗೋಕೆ ಮುಂಚೆ ಹದಿನೈದು ನಿಮಿಷ ಫೋಟೊ ನಡೆಯಿತು. ಅಳಿಯನ ಇಬ್ಬರು ಗೆಳೆಯರೂ ನಮ್ಮ ಓಣಿಯವರೇ, ಆದರೆ ಬೂಟು ನೋಡಿದರೆ ಬೇರೆ ದೇಶದವರು. ಬ್ಯಾಟು ಹಿಡಿದು ನಿಂತಿದ್ದು, ಬ್ಯಾಟು ಹೆಗಲಿಗೆ ಇಟ್ಟಿದ್ದು, ಬೆವರೇ ಬರದ ಹಣೆ ಒರೆಸಿಕೊಂಡಿದ್ದು, ಎಲ್ಲ ಸ್ಟೇಟಸ್‌ಗೆ ಹೋಯಿತು. ಉಳಿದ ಮುಕ್ಕಾಲು ತಾಸಿನಲ್ಲಿ ನಾನು ಹೊಡೆದ ಮೊದಲ ಚೆಂಡು ನೆಲ ಮುಟ್ಟದೆ ನೇರ ಎದುರಿನ ಗಾಜಿಗೆ ಹೋಗಿ ಧಪ್ ಅಂತು. ಅದು ಔಟು. ನಾನು ಮಾತ್ರ ಸ್ಕೋರ್ ಕೇಳಲಿಲ್ಲ, ಆ ಸದ್ದಿಗೆ ಕಾಲು ತಾನಾಗೇ ಗೇಟಿನ ಕಡೆ ತಿರುಗಿತ್ತು. ಐವತ್ತು ದಾಟಿದರೂ ಆ ಕಸಬರಿಗೆಯ ಭಯ ಮೈಯಲ್ಲಿ ಹಂಗೇ ಇದೆ.

ಎರಡನೇ ಸೆಟ್. 30-40. ನಾನು ಸರ್ವ್ ಮಾಡೋಕೆ ಚೆಂಡು ಪುಟಿಸಿದ್ದೆ. ಫೋನ್ ಹೊಡೆದುಕೊಂಡಿತು, ಮನೆಯಿಂದ. "ನೀರು ಬಂದಾವ್ರೀ! ಲಗೂನ ಬರ್ರಿ!"

ನನ್ನ ಮಾತು ಮುಗಿಯೋಕೆ ಮುಂಚೆ ಉಳಿದ ಮೂರು ಫೋನೂ ಹೊಡೆದುಕೊಂಡವು. ಇಡೀ ಆಟದಲ್ಲಿ ನಾಲ್ಕೂ ಜನ ಒಟ್ಟಿಗೆ ಓಡಿದ್ದು ಅದೊಂದೇ ಸಲ. ಆ ಮೂವರೂ ಗೇಟು ದಾಟಿದ್ದರು. ನಾನು ಮಾತ್ರ ಮಣಿಕಟ್ಟಿನ ದಾರ ಬಿಚ್ಚುತ್ತಾ ಕೌಂಟರ್ ಹತ್ತಿರ ನಿಂತು ಕೇಳಿದೆ, ಇನ್ನೂ ಇಪ್ಪತ್ತು ನಿಮಿಷ ಬಾಕಿ ಇದೆ, ಅಷ್ಟರ ದುಡ್ಡು ವಾಪಸ್ ಕೊಡ್ತೀರಾ?

"ಮಳಿ ಬಂದ್ರ ಕೊಡ್ತೀವಿ ಸರ. ನಳ ಬಂದ್ರ ಇಲ್ಲ" ಅಂದರು ಮ್ಯಾನೇಜರ್. ಆಮೇಲೆ ದನಿ ತಗ್ಗಿಸಿ ಕೇಳಿದರು, "ಯಾವ ಲೈನಿಗೆ ಬಿಟ್ಟಾರ್ರಿ?"

ಹೇಳಿದೆ.

"ಅಯ್ಯ, ಅದು ನಮ್ಮ ಮನೀದೂ ಹೌದಲ್ರೀ!" ಅಂದವರೇ ಡ್ರಾವರ್‌ನಿಂದ ಗಾಡಿ ಕೀಲಿ ತೆಗೆದು, ಗಾಜು ಒರೆಸುವ ಹುಡುಗನನ್ನು ಕೂಗಿದರು. "ತಮ್ಮಾ, ಆ ಬಕೆಟ್ ಖಾಲಿ ಮಾಡಿ ಇತ್ತಾಗ ಕೊಡು."