ಡಿಸ್ಕ್ ಕಡತ ಸಿಗುತ್ತಿಲ್ಲ ಎಂದಾಗ ಮೊದಲು ಕೈ ಕಟ್ಟಿ ಕೂರಿ

ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದ ಮೂಲಕ ನಡೆಯುವ ಇನ್ನೊಂದು ಕಂಪ್ಯೂಟರನ್ನು, ಚಾಲೂ ಮಾಡಲು ಹೋದಾಗ ಅದರ ಹಾರ್ಡ್ ಡಿಸ್ಕಿನಂತೆ ಕೆಲಸ ಮಾಡುವ ಡಿಸ್ಕ್ ಇಮೇಜ್ ಕಡತ ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುವುದು ಸಹಜ. ಆದರೆ ಇಂಥ ಪ್ರಕರಣಗಳನ್ನು ನೋಡಿದ ಮೇಲೆ ನನಗೆ ಮೂಡಿರುವ ಅಭಿಪ್ರಾಯವೆಂದರೆ, ಆ ಸಂದೇಶ ಕಾಣಿಸಿಕೊಂಡ ಕ್ಷಣದಲ್ಲಿ ದತ್ತಾಂಶ ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತದೆ; ಅದು ನಿಜವಾಗಿ ಹಾಳಾಗುವುದು ಆಮೇಲೆ, ಗಾಬರಿಯಲ್ಲಿ ಕಂಡ ಗುಂಡಿಗಳನ್ನೆಲ್ಲ ಒತ್ತಿ, ಅರ್ಥವಾಗದ ಕಡತಗಳನ್ನು ಅಳಿಸಿ, ಇರುವುದನ್ನು ಅತ್ತಿಂದಿತ್ತ ಎಳೆದಾಡುವ ಅರ್ಧ ಗಂಟೆಯಲ್ಲಿ.

ಇದು ಸಾಫ್ಟ್‌ವೇರ್ ಕಂಪನಿಯವರಿಗಷ್ಟೇ ಎದುರಾಗುವ ತೊಂದರೆಯಲ್ಲ. ನಮ್ಮ ಡಿಟಿಪಿ ಕೆಲಸದವರನ್ನೇ ನೋಡಿ. ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಆದರೆ ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಪುಟ ಕಟ್ಟಿದ ಪುಸ್ತಕಗಳಿಗೆ ಇವತ್ತಿಗೂ ಮರುಮುದ್ರಣ ಬರುತ್ತದೆ, ತಿದ್ದುಪಡಿಯೂ ಬರುತ್ತದೆ. ಹೀಗಾಗಿ ಹೊಸ ಕಂಪ್ಯೂಟರಿನೊಳಗೊಂದು ಎಕ್ಸ್‌ಪಿ ವರ್ಚುವಲ್ ಮಷೀನನ್ನು ಕೂರಿಸಿಕೊಂಡು ಹಳೆಯ ಕಡತಗಳನ್ನು ತೆರೆಯುವವರಿದ್ದಾರೆ. ಅಂಥವರ ಮಟ್ಟಿಗೆ ಆ ಒಂದು ಡಿಸ್ಕ್ ಕಡತದಲ್ಲಿ ವರ್ಷಗಟ್ಟಲೆಯ ದುಡಿಮೆ ಇರುತ್ತದೆ. ಲ್ಯಾಬಿನ ಅಭ್ಯಾಸಕ್ಕಾಗಿ ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಯಾದರೆ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ ಮುಂದೆ ಹೋಗಬಹುದು. ಡಿಟಿಪಿಯವರಿಗೆ ಆ ದಾರಿ ಇಲ್ಲ.

ಮೊದಲು ಆ ಸಂದೇಶದ ಅರ್ಥವನ್ನು ತಿಳಿದುಕೊಳ್ಳಬೇಕು. ಇಂಥ ಮಷೀನುಗಳನ್ನು ನಡೆಸಲು ಬಹಳ ಜನ ಬಳಸುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವನ್ನೇ ತೆಗೆದುಕೊಂಡರೆ, ಪ್ರತಿಯೊಂದು ಮಷೀನಿಗೂ ‘ವಿಬಾಕ್ಸ್’ ಎಂದು ಕೊನೆಯಾಗುವ ಹೆಸರಿನ ಒಂದು ಪುಟ್ಟ ಪಠ್ಯ ಕಡತ ಇರುತ್ತದೆ. ಮಷೀನಿಗೆ ಎಷ್ಟು ಮೆಮೊರಿ, ಯಾವ ನೆಟ್‌ವರ್ಕ್ ಎಂಬ ವಿವರಗಳ ಜೊತೆಗೆ ಡಿಸ್ಕ್ ಕಡತ ಎಲ್ಲಿದೆ ಎಂಬ ವಿಳಾಸವೂ, ಆ ಡಿಸ್ಕಿನ ಯುಯುಐಡಿ ಎಂಬ ಉದ್ದನೆಯ ಗುರುತಿನ ಸಂಖ್ಯೆಯೂ ಅದರಲ್ಲೇ ಬರೆದಿರುತ್ತವೆ. ಅದೇ ಸಂಖ್ಯೆ ವಿಡಿಐ ಕಡತದ, ಅಂದರೆ ವರ್ಚುವಲ್‌ಬಾಕ್ಸಿನ ಡಿಸ್ಕ್ ಕಡತದ, ಶಿರೋಭಾಗದಲ್ಲೂ ಇರುತ್ತದೆ. ತಂತ್ರಾಂಶ ವಿಳಾಸಕ್ಕೆ ಹೋಗಿ ನೋಡುತ್ತದೆ, ಕಡತ ಅಲ್ಲಿಲ್ಲದಿದ್ದರೆ ಸಿಗುತ್ತಿಲ್ಲ ಎನ್ನುತ್ತದೆ. ಪಕ್ಕದ ಫೋಲ್ಡರಿನಲ್ಲೇ ಇದ್ದರೂ ಅದು ಹುಡುಕುವ ಗೋಜಿಗೆ ಹೋಗುವುದಿಲ್ಲ.

ವಿಳಾಸ ತಪ್ಪುವ ಕಾರಣಗಳು ಬಹುತೇಕ ಸಾಧಾರಣವಾದವು. ಹೊರಗಿನ ಹಾರ್ಡ್ ಡಿಸ್ಕಿಗೆ ವಿಂಡೋಸ್ ನಿನ್ನೆ ಇ ಎಂಬ ಅಕ್ಷರ ಕೊಟ್ಟಿತ್ತು, ಇವತ್ತು ನಡುವೆ ಇನ್ನೊಂದು ಪೆನ್‌ಡ್ರೈವ್ ಸೇರಿದ್ದರಿಂದ ಎಫ್ ಕೊಟ್ಟಿದೆ. ಲಿನಕ್ಸಿನಲ್ಲಿ ಡಿಸ್ಕನ್ನು ಸರಿಯಾಗಿ ಕಳಚದೆ ಕಿತ್ತುಕೊಂಡಾಗ ಹಳೆಯ ಹೆಸರಿನ ಖಾಲಿ ಫೋಲ್ಡರ್ ಉಳಿದು, ಮುಂದಿನ ಸಲ ಅದೇ ಡಿಸ್ಕ್ ಹೆಸರಿನ ಕೊನೆಗೆ 1 ಸೇರಿಸಿಕೊಂಡು ಬೇರೆ ಕಡೆ ಕೂರುತ್ತದೆ. ಸಿ ಡ್ರೈವ್ ತುಂಬಿತೆಂದು ಮನೆಯವರೋ ಸಹೋದ್ಯೋಗಿಯೋ ದೊಡ್ಡ ಕಡತವನ್ನು ಡಿ ಡ್ರೈವಿಗೆ ಸಾಗಿಸಿರುತ್ತಾರೆ. ಆಂಟಿವೈರಸ್ ಅದನ್ನು ಅನುಮಾನದ ಕೋಣೆಗೆ ತಳ್ಳಿರಬಹುದು. ಕಡತ ಇದ್ದಲ್ಲೇ ಇದ್ದು ಅದನ್ನು ಓದುವ ಅನುಮತಿ ಮಾತ್ರ ಇಲ್ಲದಿರುವುದೂ ಉಂಟು. ಆದ್ದರಿಂದ ಪರದೆಯ ಮೇಲೆ ಬಂದ ದೋಷಸಂದೇಶವನ್ನು ಮುಚ್ಚುವ ಮೊದಲು ಅದರ ವಿವರವನ್ನು ಪೂರ್ತಿ ಓದಿ, ಅದರಲ್ಲಿರುವ ವಿಳಾಸವನ್ನು ಒಂದು ಕಡೆ ಬರೆದಿಟ್ಟುಕೊಳ್ಳುವುದು ಅಗತ್ಯ. ಜನ ಅದನ್ನು ಓದದೆಯೇ ‘ಸರಿ’ ಒತ್ತುತ್ತಾರೆ, ನಂತರ ಏನು ಬರೆದಿತ್ತು ಎಂದು ಕೇಳಿದರೆ ಏನೋ ಎರರ್ ಎನ್ನುತ್ತಾರೆ.

ಇಡೀ ಕಂಪ್ಯೂಟರಿನಲ್ಲಿ, ಹೊರಗಿನ ಡಿಸ್ಕುಗಳಲ್ಲಿ ಆ ಹೆಸರಿನ ಕಡತವನ್ನು ಹುಡುಕಿ. ಸಿಕ್ಕರೆ ಅತ್ಯಂತ ಸುರಕ್ಷಿತವಾದ ಉಪಾಯ ಹಳೆಯ ವಿಳಾಸಕ್ಕೇ ಅದನ್ನು ಮರಳಿ ತಂದಿಡುವುದು, ಇಲ್ಲವೇ ಡ್ರೈವಿನ ಅಕ್ಷರವನ್ನು ಮೊದಲಿನಂತೆ ಮಾಡುವುದು. ಅದು ಸಾಧ್ಯವಿಲ್ಲದಿದ್ದರೆ ವರ್ಚುವಲ್‌ಬಾಕ್ಸಿನ ಆಜ್ಞಾಸಾಲಿನ ಸಾಧನವಾದ ವಿಬಾಕ್ಸ್‌ಮ್ಯಾನೇಜ್ ಮೂಲಕ ಡಿಸ್ಕಿನ ಹೊಸ ವಿಳಾಸವನ್ನು ದಾಖಲಿಸಬಹುದು. ವಿಬಾಕ್ಸ್ ಕಡತವನ್ನು ಕೈಯಾರೆ ತಿದ್ದುವವರೂ ಇದ್ದಾರೆ, ಆದರೆ ವರ್ಚುವಲ್‌ಬಾಕ್ಸಿನ ಯಾವುದೇ ಭಾಗ ಹಿನ್ನೆಲೆಯಲ್ಲಿ ನಡೆಯುತ್ತಿದ್ದರೆ ನಿಮ್ಮ ತಿದ್ದುಪಡಿಯ ಮೇಲೆ ಅದು ತನ್ನದನ್ನು ಬರೆದುಬಿಡುತ್ತದೆ ಎಂಬ ಎಚ್ಚರಿಕೆ ಆ ಕಡತದ ತಲೆಯಲ್ಲೇ ಇದೆ. ಹಾಗೆಯೇ ಡಿಸ್ಕ್ ಕಡತದ ಒಂದು ಪ್ರತಿ ಮಾಡಿ ಮೂಲದ ಜೊತೆಗೇ ಸೇರಿಸಲು ಹೋದರೆ, ಎರಡಕ್ಕೂ ಒಂದೇ ಯುಯುಐಡಿ ಇರುವುದರಿಂದ ತಂತ್ರಾಂಶ ಒಪ್ಪುವುದಿಲ್ಲ. ಆಗ ಕೆಲವರು ಸಿಟ್ಟಿನಿಂದ ಮೂಲವನ್ನೇ ಅಳಿಸುತ್ತಾರೆ!

ನನ್ನ ಮಾತಿನ ಮುಖ್ಯ ಭಾಗ ಸ್ನ್ಯಾಪ್‌ಶಾಟ್‌ಗಳ, ಅಂದರೆ ಬೇಕೆಂದಾಗ ಹಿಂದಿರುಗಲು ಮಷೀನಿನ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವ ಸೌಲಭ್ಯದ ಬಗ್ಗೆ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್ ಕಡತಕ್ಕೆ ಬರೆಯುವುದು ನಿಲ್ಲುತ್ತದೆ. ಅಲ್ಲಿಂದ ಮುಂದಿನ ಬದಲಾವಣೆಗಳೆಲ್ಲ ಇನ್ನೊಂದು ಕಡತಕ್ಕೆ ಹೋಗುತ್ತವೆ. ಮತ್ತೊಂದು ಸ್ನ್ಯಾಪ್‌ಶಾಟ್ ತೆಗೆದರೆ ಮೂರನೆಯ ಕಡತ. ಇವತ್ತಿನ ನಿಮ್ಮ ಮಷೀನ್ ಎಂದರೆ ಈ ಮೂರೂ ಸೇರಿದ ಸರಪಳಿ. ವರ್ಚುವಲ್‌ಬಾಕ್ಸಿನಲ್ಲಿ ಇವು ಸ್ನ್ಯಾಪ್‌ಶಾಟ್ಸ್ ಎಂಬ ಫೋಲ್ಡರಿನೊಳಗೆ ಯುಯುಐಡಿಯನ್ನೇ ಹೆಸರಾಗಿ ಹೊತ್ತು ಕುಳಿತಿರುತ್ತವೆ, ಇಂಥದ್ದೇ ಬೇರೆ ತಂತ್ರಾಂಶಗಳಾದ ಹೈಪರ್-ವಿಯಲ್ಲಿ ಎವಿಎಚ್‌ಡಿಎಕ್ಸ್ ಎಂಬ ವಿಸ್ತರಣೆ ಪಡೆದಿರುತ್ತವೆ, ವಿಎಂವೇರ್‌ನಲ್ಲಿ ಮೂಲದ ಹೆಸರಿಗೆ 000001 ಎಂಬಂಥ ಅಂಕಿ ಅಂಟಿಸಿಕೊಂಡಿರುತ್ತವೆ. ಇಂಥ ಹೆಸರು ನೋಡಿದವರಿಗೆ ಇವು ತಾತ್ಕಾಲಿಕ ಕಸ ಎನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಜಾಗ ಉಳಿಸಲೆಂದು ಇವುಗಳಲ್ಲೊಂದನ್ನು ಅಳಿಸಿದರೆ, ಮುಂದಿನ ಸಲ ಅದೇ ‘ಕಡತ ಸಿಗುತ್ತಿಲ್ಲ’ ಎಂಬ ಸಂದೇಶ ಬರುತ್ತದೆ, ಈ ಸಲ ಅದು ನಿಜವೂ ಆಗಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯುತ್ತದೆ. ಮೂಲ ಡಿಸ್ಕ್ ಉಳಿದಿದೆಯಲ್ಲ ಎಂದು ಅದನ್ನು ಹೊಸ ಮಷೀನಿಗೆ ಜೋಡಿಸಿ ಚಾಲೂ ಮಾಡುತ್ತಾರೆ. ಅದು ತೆರೆದುಕೊಳ್ಳುತ್ತದೆ, ಆದರೆ ಸ್ನ್ಯಾಪ್‌ಶಾಟ್ ತೆಗೆದ ದಿನದ ಸ್ಥಿತಿಯಲ್ಲಿ; ಆಚೆಗಿನ ಕೆಲಸ ಯಾವುದೂ ಅಲ್ಲಿ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಒಳಗಿನ ಕಾರ್ಯಾಚರಣಾ ವ್ಯವಸ್ಥೆ ಮೂಲ ಡಿಸ್ಕಿಗೆ ಹೊಸದಾಗಿ ಬರೆಯಲು ಶುರುಮಾಡಿರುತ್ತದೆ. ಸ್ನ್ಯಾಪ್‌ಶಾಟ್ ನಂತರ ಹುಟ್ಟಿದ ಮರಿ ಕಡತಗಳಲ್ಲಿರುವುದು ಮೂಲದ ನಿರ್ದಿಷ್ಟ ಸ್ಥಿತಿಯ ಮೇಲೆ ಕೂರಬೇಕಾದ ತುಂಡುಗಳು ಮಾತ್ರ. ಕೆಳಗಿನ ಪದರವೇ ಬದಲಾದರೆ, ನಾಳೆ ಕಸದ ಬುಟ್ಟಿಯಿಂದ ಮರಿ ಕಡತ ಮರಳಿ ಸಿಕ್ಕರೂ ಅದನ್ನು ನಂಬುವಂತಿಲ್ಲ. ವಿಎಂವೇರ್ ಈ ಅಪಾಯವನ್ನು ತಡೆಯಲು ಪ್ರತಿ ಡಿಸ್ಕಿಗೂ ಸಿಐಡಿ ಎಂಬ ಗುರುತನ್ನು, ಮರಿಯಲ್ಲಿ ತಾಯಿಯ ಸಿಐಡಿಯನ್ನು ಬರೆದಿಡುತ್ತದೆ; ಎರಡೂ ತಾಳೆಯಾಗದಿದ್ದರೆ ತೆರೆಯಲು ನಿರಾಕರಿಸುತ್ತದೆ. ಆ ಅಂಕಿಯನ್ನು ತಿದ್ದಿ ತಂತ್ರಾಂಶದ ಬಾಯಿ ಮುಚ್ಚಿಸುವ ಸಲಹೆಗಳು ಧಾರಾಳವಾಗಿ ಸಿಗುತ್ತವೆ. ತಾಯಿ ಡಿಸ್ಕಿಗೆ ಏನನ್ನೂ ಬರೆದಿಲ್ಲ ಎಂಬ ಖಾತ್ರಿ ಇದ್ದಾಗ, ಅದೂ ಎಲ್ಲ ಕಡತಗಳ ಪ್ರತಿ ಇಟ್ಟುಕೊಂಡ ಮೇಲೆ ಮಾತ್ರ ಅದನ್ನು ಮಾಡಬೇಕು.

ವಿಎಂವೇರ್‌ನ ಇನ್ನೊಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಅದರ ವಿಎಂಡಿಕೆ ಕಡತ ಹಲವು ಸಲ ಡಿಸ್ಕ್ ಅಲ್ಲವೇ ಅಲ್ಲ, ನಿಜವಾದ ದತ್ತಾಂಶ ಯಾವ ಕಡತಗಳಲ್ಲಿದೆ, ತಲಾ 512 ಬೈಟಿನ ಎಷ್ಟು ಸೆಕ್ಟರುಗಳಿವೆ ಎಂದು ವಿವರಿಸುವ ಕೆಲವೇ ಸಾಲುಗಳ ಪಠ್ಯ. ದತ್ತಾಂಶ ಇರುವುದು ಹೆಸರಿನಲ್ಲಿ ‘ಫ್ಲ್ಯಾಟ್’ ಎಂದಿರುವ ದೊಡ್ಡ ಕಡತದಲ್ಲಿ, ಅಥವಾ ತುಂಡುತುಂಡಾಗಿ ವಿಂಗಡಿಸಿದ ಕಡತಗಳಲ್ಲಿ. ಆದ್ದರಿಂದ ಆ ಪುಟ್ಟ ವಿವರಣೆಯ ಕಡತ ಮಾತ್ರ ಹೋಗಿದ್ದರೆ ಎದೆಗೆಡಬೇಕಿಲ್ಲ. ಅಷ್ಟೇ ಗಾತ್ರದ ಹೊಸ ಡಿಸ್ಕೊಂದನ್ನು ರಚಿಸಿ, ಅದರ ವಿವರಣೆಯನ್ನು ತೆಗೆದುಕೊಂಡು, ಹೆಸರನ್ನು ಹಳೆಯ ಫ್ಲ್ಯಾಟ್ ಕಡತದ ಕಡೆಗೆ ತಿರುಗಿಸಬಹುದು.

ಕಡತ ನಿಜವಾಗಿಯೂ ಅಳಿಸಿಹೋಗಿದ್ದರೆ ಆ ಡ್ರೈವಿಗೆ ಇನ್ನೇನನ್ನೂ ಬರೆಯಬಾರದು. ಚಿಪ್ ಆಧಾರಿತ ಡ್ರೈವುಗಳಾದ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಖಾಲಿಯಾದ ಜಾಗವನ್ನು ಬೇಗನೆ ತೊಡೆದುಹಾಕುವುದರಿಂದ ಮರಳಿ ಪಡೆಯುವ ಆಸೆ ಕಡಿಮೆ. ಲಿನಕ್ಸ್ ಬಳಸುವವರಿಗೆ ಒಂದು ಅದೃಷ್ಟವಿದೆ: ಮಷೀನ್ ಇನ್ನೂ ನಡೆಯುತ್ತಿರುವಾಗಲೇ ಕಡತ ಅಳಿಸಿದ್ದು ತಿಳಿದರೆ ಅದನ್ನು ನಿಲ್ಲಿಸಬೇಡಿ, ಏಕೆಂದರೆ ಮಷೀನನ್ನು ನಡೆಸುತ್ತಿರುವ ಪ್ರಕ್ರಿಯೆ (ಪ್ರೋಸೆಸ್) ಅದನ್ನು ತೆರೆದು ಹಿಡಿದಿರುವವರೆಗೂ ಕಡತ ಡಿಸ್ಕಿನಲ್ಲಿ ಉಳಿದಿರುತ್ತದೆ. ಒಳಗಿನ ಬರವಣಿಗೆಯನ್ನು ಆದಷ್ಟು ಶಾಂತಗೊಳಿಸಿ, ನಡೆಯುತ್ತಿರುವ ಪ್ರಕ್ರಿಯೆಗಳ ವಿವರ ತೋರಿಸುವ ಪ್ರಾಕ್ (/proc) ಫೋಲ್ಡರಿನಲ್ಲಿ ಆ ಪ್ರಕ್ರಿಯೆಯ ತೆರೆದ ಕಡತಗಳ ಪಟ್ಟಿಯಿಂದ ಅದನ್ನು ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬಹುದು.

ತಂತ್ರಾಂಶ ತಯಾರಕರ ಮೇಲೂ ನನಗೆ ತಕರಾರಿದೆ. ಯುಯುಐಡಿ ಗೊತ್ತಿದೆ, ಹೆಸರು ಗೊತ್ತಿದೆ. ‘ಈ ಕಡತವನ್ನು ಹುಡುಕಿ ಕೊಡಲೇ, ಅಥವಾ ನೀವೇ ತೋರಿಸುತ್ತೀರಾ’ ಎಂದು ಕೇಳುವುದು ಅಷ್ಟು ಕಷ್ಟವೇ? ಅದರ ಬದಲು ವರ್ಚುವಲ್‌ಬಾಕ್ಸ್ ಒಂದು ದೋಷಸಂಖ್ಯೆಯನ್ನು ಎದುರಿಗಿಟ್ಟು ಸುಮ್ಮನಾಗುತ್ತದೆ. ಮಷೀನನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸೋಣ ಎಂದುಕೊಂಡವರಿಗೆ, ಪಟ್ಟಿಯಿಂದಷ್ಟೇ ತೆಗೆಯಬೇಕೋ ಎಲ್ಲ ಕಡತಗಳನ್ನೂ ಅಳಿಸಬೇಕೋ ಎಂಬ ಆಯ್ಕೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟು ಕೇಳುತ್ತದೆ. ತಲೆ ಬಿಸಿಯಾಗಿರುವ ಮನುಷ್ಯನ ಕೈಗೆ ಅಂಥ ಎರಡು ಗುಂಡಿಗಳನ್ನು ಕೊಡಬಾರದು.

ಡಿಟಿಪಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಪುಸ್ತಕದ ಕಡತಗಳನ್ನು ಎಕ್ಸ್‌ಪಿಯ ಒಳಗೇ ಇಡದೆ ಹಂಚಿಕೆಯ ಫೋಲ್ಡರಿನ ಮೂಲಕ ಹೊರಗಿನ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿದ ಮೇಲೆ ವಿಡಿಐ ಒಂದನ್ನೇ ಅಲ್ಲ, ಅದರ ಇಡೀ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ. ಡಿಸ್ಕ್ ಕಡತ ಆ ಫೋಲ್ಡರಿನ ಒಳಗೇ ಇದ್ದರೆ ವರ್ಚುವಲ್‌ಬಾಕ್ಸ್ ಅದರ ವಿಳಾಸವನ್ನು ಫೋಲ್ಡರಿಗೆ ಸಾಪೇಕ್ಷವಾಗಿ ಬರೆದಿಡುವುದರಿಂದ, ನಾಳೆ ಕಂಪ್ಯೂಟರೇ ಬದಲಾದರೂ ಮಷೀನನ್ನು ಮತ್ತೆ ಸೇರಿಸಿಕೊಳ್ಳುವುದು ಸುಲಭ.