ಜೇಕಿನ ಮುಂದೆ ಸಾಷ್ಟಾಂಗ

ಮೂರ್‌ಲ್ಯಾಂಡಿನಲ್ಲಿ, ಅಂದರೆ ಮರವಿಲ್ಲದ ಬಯಲು ಗುಡ್ಡಗಳಲ್ಲಿ, ಜೇಕು ಗುರುತಿಸಲು ಹೊರಟವರು ಪುಸ್ತಕ ಮರೆತರೂ ನಡೆಯುತ್ತೆ, ಇನ್ನೊಂದು ಪ್ಯಾಂಟು ಮರೆಯಬಾರದು. ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಗುಡ್ಡದ ತುದಿ 636 ಮೀಟರ್ ಎತ್ತರ. ಮೇಲೆಲ್ಲ ಪೀಟ್. ಸಾವಿರಾರು ವರ್ಷದಿಂದ ಅರೆಬರೆ ಕೊಳೆತು ಕೂತ ಗಿಡಗಳ ಕಪ್ಪು ಮಣ್ಣು. ಕಾಲಿಟ್ಟರೆ ಬೂಟು ಅದಕ್ಕೆ, ಸಾಕ್ಸು ನಮಗೆ.

ಕರೆದುಕೊಂಡು ಹೋದವರು ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು. ಮೊದಲು ಕಾಟನ್‌ಗ್ರಾಸ್ ತೋರಿಸಿದರು. ಹೆಸರಿಗೆ ಹುಲ್ಲು, ಬಳಗ ಜೇಕಿನದೇ. ಕಡ್ಡಿಯ ತುದಿಗೆ ಒಂದೇ ಬಿಳಿ ಉಂಡೆ ಇದ್ದರೆ ಒಂದು ಜಾತಿ, ನಾಲ್ಕೈದು ಜೋತಾಡುತ್ತಿದ್ದರೆ ಇನ್ನೊಂದು. ಈ ಎರಡನೆಯದು ಗ್ರೇಟರ್ ಮ್ಯಾಂಚೆಸ್ಟರಿನ ಕೌಂಟಿ ಹೂವು. ಇಷ್ಟೇನಾ ಅಂತ ಬೀಗಿದೆ.

ಆಮೇಲೆ ಕೇರೆಕ್ಸ್ ಅನ್ನೋ ಜೇಕಿನ ಕುಲ ಶುರುವಾಯಿತು. ಬ್ರಿಟನ್ನಿನಲ್ಲಿ ಇದರ 70ಕ್ಕೂ ಜಾಸ್ತಿ ಜಾತಿ ಇವೆ, ಬಹುಪಾಲು ಹಸಿರು ಕಡ್ಡಿಗಳೇ. ಬೇರೆ ಮಾಡಬೇಕಾದರೆ ಕಾಯಿಯ ಸುತ್ತಲಿನ ಪುಟಾಣಿ ಚೀಲ ನೋಡಬೇಕು. ಅದಕ್ಕೆ ಮೂತಿ ಇದೆಯಾ, ಗೆರೆ ಇದೆಯಾ? ಸ್ಟಾರ್ ಸೆಡ್ಜ್ ಅನ್ನೋ ಜಾತಿ ಆದರೆ ಚೀಲಗಳು ನಕ್ಷತ್ರದ ಹಾಗೆ ಹರಡಿಕೊಂಡಿರುತ್ತವೆ. ಇದನ್ನೆಲ್ಲ ನೋಡಲು ಲೆನ್ಸನ್ನು ಕಣ್ಣಿಗೆ ಒತ್ತಿ, ಮುಖವನ್ನು ಗಿಡದ ಹತ್ತಿರ ಒಯ್ಯಬೇಕು. ಗಿಡ ಇರುವುದು ನೆಲದಿಂದ ಒಂದು ಗೇಣು ಮೇಲೆ. ಅಂದರೆ ಮಲಗಬೇಕು. ಮಲಗಿದೆ. ಗಾಳಿ ಬೀಸಿತು. ಕಾಯಿ ಲೆನ್ಸಿನಿಂದಾಚೆ ಹೋಯಿತು, ವಾಪಸ್ ಬಂದು ಮೂಗಿನೊಳಗೆ ಹೊಕ್ಕಿತು. ಸೀನಿದೆ. ಮೇಷ್ಟ್ರು ಆ ಕಡೆಯಿಂದ "ಚೀಲ ಎಣಿಸಿದಿರಾ?" ಅಂತ ಕೂಗುತ್ತಿದ್ದರು.

ತಡೆಯಲಾರದೆ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದೆ. ಗುಡ್ಡದ ಮೇಲೆ ಸಿಗ್ನಲ್ ಮಾತ್ರ ಚೆನ್ನಾಗಿತ್ತು.

"ಕಡ್ಡಿನ ಬೆರಳಲ್ಲಿ ಉರುಳಿಸೋ. ಮೂರು ಮೂಲೆ ತಾಗುತ್ತಾ?"

"ತಾಗುತ್ತೆ ಅಪ್ಪ."

"ಜೇಕು ಕಣೋ! ಗಡ್ಡೆ ಸಮೇತ ಕಿತ್ತು ಬಿಸಾಕು."

ಇಲ್ಲಿ ಜಮೀನಿನವರನ್ನು ಕೇಳದೆ ಕಾಡುಗಿಡ ಬುಡಸಮೇತ ಕಿತ್ತರೆ ಕೇಸು, 1981ರ ಕಾಯಿದೆ ಇದೆ ಅಂದೆ. ಸಾಲದ್ದಕ್ಕೆ ಇನ್ನೊಂದನ್ನೂ ಹೇಳಿದೆ. ಹಿಂದೆ ಮಿಲ್ಲುಗಳ ಹೊಗೆಗೂ ಬೆಂಕಿಗೂ ಈ ಗುಡ್ಡಗಳು ಬೋಳಾಗಿದ್ದವು. ಈಗ ಪೀಟ್ ಕೊಚ್ಚಿ ಹೋಗದಿರಲಿ ಅಂತ ಜನ ಕಾಟನ್‌ಗ್ರಾಸ್ ಸಸಿ ಹೊತ್ತು ತಂದು ನೆಡುತ್ತಾರೆ.

ಅಪ್ಪ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು. ಸ್ಕ್ರೀನಿನ ತುಂಬ ಅವರ ಹುಬ್ಬು.

"ಜೇಕನ್ನ ನೆಡ್ತಾರಾ? ದುಡ್ಡು ಕೊಟ್ಟು?"

"ಹೂಂ ಅಪ್ಪ."

"ಹಾಗಾದ್ರೆ ನಮ್ಮ ಹೊಲಕ್ಕೆ ಬರೋಕೆ ಹೇಳು. ಎಷ್ಟು ಬೇಕಾದ್ರೂ ಬಿಟ್ಟಿ. ಕೀಳೋ ಕೂಲಿ ಮಾತ್ರ ಅವರದ್ದೇ!"